ಕಚ್ಚೋ ಪೆಡಲ್, ಬಿಡೋ ಪೆಡಲ್



ಈ ವರ್ಷದ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಟೀಚರ್ ಕೇಳಿದಾಗ, ಈ ಅಂಕಲ್ ಕಂಪ್ಯೂಟರ್ ಬಗ್ಗೆ ಬರೆಯುತ್ತಾರೆ ಅಂತಲೇ ಅವರು ಅಂದುಕೊಂಡಿರಬೇಕು. ಕಂಪ್ಯೂಟರ್ ವಿಷಯ ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಬಿಡಿ. ನಾನು ಬರೆಯುತ್ತಿರೋದು ಸೈಕಲ್ ಪೆಡಲ್ ಬಗ್ಗೆ. ಇದಕ್ಕೆ ಕಾರಣ ನಿಮ್ಮಲ್ಲೇ ಒಬ್ಬ ಹುಡುಗ. ಒಂದು ಶನಿವಾರ ಕಾಗುಣಿತದ ಕ್ಲಾಸ್ ಮುಗಿದು ಎಲ್ಲರೂ ಉಪ್ಪಿಟ್ಟು ತಿನ್ನುತ್ತಿದ್ದಾಗ ಅವನು ನನ್ನ ಹತ್ತಿರ ಬಂದು ಕೇಳಿದ: "ಅಂಕಲ್, ಹತ್ತಾಗೆ ಹೋಗೋಕೆ ಮುಂಚೆ ಶೂ ಅಂಟಿಕೊಳ್ಳೋ ಪೆಡಲ್ ಹಾಕಿಸಿದ್ರೆ ನಾನು ಬೀಳಲ್ಲ ಅಲ್ವಾ?" ಹಿಂದೆಯೇ ಅವರಪ್ಪ ನಿಂತಿದ್ದರು. ಅವರ ಮುಖದಲ್ಲೂ ಅದೇ ಪ್ರಶ್ನೆ, ಜೊತೆಗೆ ಅಂಗಡಿಯವನು ಹೇಳಿದ ಬೆಲೆ.

ನಾನು ತಕ್ಷಣ "ಬೇಡ" ಅಂದುಬಿಟ್ಟೆ. ಯಾಕೆ ಬೇಡ ಅಂತ ಹೇಳೋದಕ್ಕೆ ಉಪ್ಪಿಟ್ಟಿನ ಬಿಡುವು ಸಾಲಲಿಲ್ಲ. ಅದನ್ನು ಇಲ್ಲಿ ಹೇಳುತ್ತೇನೆ.

ಶೂ ಅಂಟಿಕೊಳ್ಳೋ ಪೆಡಲ್ಲನ್ನು ನಮ್ಮ ಮಕ್ಕಳು ಮೊದಲು ನೋಡಿದ್ದು ಎಲ್ಲಿ ಅಂತ ನನಗೆ ಗೊತ್ತು. 2022ರ ಫೆಬ್ರವರಿ 20, ಭಾನುವಾರ. ಯುಎಇ ಟೂರ್ ಸೈಕಲ್ ರೇಸಿನ ಮೊದಲ ದಿನದ ಓಟ ನಮ್ಮ ಮದೀನತ್ ಜಾಯೆದ್‌ನಲ್ಲೇ ಶುರುವಾಗಿ, ಮರುಭೂಮಿಯೆಲ್ಲ ಸುತ್ತಿ, ನಮ್ಮ ಮದೀನತ್ ಜಾಯೆದ್‌ಗೇ ವಾಪಸ್ ಬಂತು. ಅವತ್ತು ಗೆದ್ದವರು ಬೆಲ್ಜಿಯಂನ ಯಾಸ್ಪರ್ ಫಿಲಿಪ್ಸೆನ್. ಇಡೀ ಟೂರ್ ಗೆದ್ದವರು ಸ್ಲೊವೇನಿಯಾದ ತಾದೇಯ್ ಪೊಗಾಚಾರ್. ಆದರೆ ನನ್ನ ಮಗಳಿಗೆ ನೆನಪಿರೋದು ಗೆದ್ದವರಲ್ಲ, ಹೊರಡುವಾಗ ಕೇಳಿಸಿದ ಶಬ್ದ. ಅಷ್ಟೂ ಜನ ಸವಾರರು ಒಂದು ಕಾಲು ನೆಲದ ಮೇಲಿಟ್ಟು ನಿಂತಿದ್ದರು. ಹೊರಡುತ್ತಿದ್ದ ಹಾಗೇ ಟಕ್, ಟಕ್, ಟಕ್ ಅಂತ ಶೂಗಳು ಪೆಡಲ್ಲಿಗೆ ಕಚ್ಚಿಕೊಂಡವು. "ಅಪ್ಪ, ಸೈಕಲ್ ಅವರ ಕಾಲನ್ನ ಹಿಡ್ಕೊಳ್ತು!" ಅಂದಳು.

ಅದಕ್ಕೇ ನಮ್ಮ ಮನೆಯಲ್ಲಿ ಅದರ ಹೆಸರು 'ಕಚ್ಚೋ ಪೆಡಲ್'. ಇಂಗ್ಲಿಷಿನಲ್ಲಿ ಅದಕ್ಕೆ 'ಕ್ಲಿಪ್‌ಲೆಸ್' ಅಂತಾರೆ, ಅಂದರೆ ಕ್ಲಿಪ್ ಇಲ್ಲದ್ದು. ಕ್ಲಿಪ್ ಆಗಿ ಕೂರೋ ವಸ್ತುವಿಗೆ ಕ್ಲಿಪ್ ಇಲ್ಲದ್ದು ಅಂತ ಹೆಸರು! ಇದು ಹೇಗೆ ಬಂತು ಅಂದರೆ, ಹಿಂದಿನ ರೇಸ್ ಸೈಕಲ್‌ಗಳಲ್ಲಿ ಪೆಡಲ್ ಮುಂದೆ ಲೋಹದ ಒಂದು ಪುಟ್ಟ ಪಂಜರ, ಅದಕ್ಕೊಂದು ಚರ್ಮದ ಪಟ್ಟಿ ಇರುತ್ತಿತ್ತು. ಕಾಲು ಒಳಗೆ ತೂರಿಸಿ ಪಟ್ಟಿ ಬಿಗಿದುಕೊಳ್ಳಬೇಕಿತ್ತು. ವಿಜಯಪುರ, ಬಾಗಲಕೋಟೆ ಕಡೆ ಸೈಕಲ್ ಸ್ಪರ್ಧೆ ನೋಡುತ್ತ ಬೆಳೆದ ಅಪ್ಪ ಅಮ್ಮಂದಿರು ಯಾರಾದರೂ ಇದ್ದರೆ ಅವರಿಗೆ ನೆನಪಿರಬಹುದು. ಆ ಪಂಜರದ ಹೆಸರು 'ಟೋ ಕ್ಲಿಪ್'. ಅದನ್ನು ತೆಗೆದುಹಾಕಿದ ಹೊಸ ಪೆಡಲ್ ಆದ್ದರಿಂದ ಕ್ಲಿಪ್‌ಲೆಸ್. ಹಿಮದ ಮೇಲೆ ಜಾರೋ ಸ್ಕೀ ಹಲಗೆಗೆ ಬೂಟು ಸಿಕ್ಕಿಸೋ ಸಾಧನ ಮಾಡುತ್ತಿದ್ದ ಲುಕ್ ಅನ್ನೋ ಫ್ರೆಂಚ್ ಕಂಪನಿ, ಅದೇ ಉಪಾಯವನ್ನು 1984ರಲ್ಲಿ ಸೈಕಲ್ಲಿಗೆ ತಂತು. ಮರುವರ್ಷ ಬರ್ನಾರ್ ಇನೋ ಆ ಪೆಡಲ್ ಹಾಕಿಕೊಂಡು ಟೂರ್ ದ ಫ್ರಾನ್ಸ್ ಗೆದ್ದರು. ಮಣ್ಣಿನಲ್ಲಿ ಓಡಿಸೋ ಮೌಂಟನ್ ಬೈಕ್‌ಗೆ ಒಪ್ಪುವಂಥದ್ದನ್ನು ಜಪಾನಿನ ಶಿಮಾನೋ 1990ರಲ್ಲಿ ಮಾಡಿತು. ಶೂ ತಳದ ಗುಳಿಯೊಳಗೆ ಕೂರೋ ಪುಟ್ಟ ಲೋಹದ ಬಿಲ್ಲೆ, ಎರಡೇ ಸ್ಕ್ರೂ. ಈ ಬಿಲ್ಲೆಗೆ ಕ್ಲೀಟ್ ಅಂತಾರೆ.

ಇನ್ನೊಂದು ಬಗೆ ನಿಮ್ಮೆಲ್ಲರ ಸೈಕಲ್ಲಿನಲ್ಲಿ ಈಗಾಗಲೇ ಇರೋ ಚಪ್ಪಟೆ ಪೆಡಲ್. ಇದು ಯಾವಾಗ ಬೇಕಾದರೂ ಕಾಲನ್ನು ಬಿಡುತ್ತದೆ. ಹೈಸ್ಕೂಲಿನಲ್ಲಿ ನಾನು ಗಂಟೆಗಿಷ್ಟು ಅಂತ ಬಾಡಿಗೆ ಕೊಟ್ಟು ಹೊಡೆಯುತ್ತಿದ್ದ ಸೈಕಲ್ಲಿನ ಪೆಡಲ್ಲಿಗೆ ಎರಡು ರಬ್ಬರ್ ತುಂಡು ಇರುತ್ತಿತ್ತು. ಮಳೆಗಾಲದಲ್ಲಿ ಹವಾಯಿ ಚಪ್ಪಲಿ ಅದರ ಮೇಲಿಂದ ಜಾರಿದರೆ ಮುಗೀತು, ಮೊಣಕಾಲ ಕೆಳಗಿನ ಮೂಳೆಗೆ ಪೆಡಲ್ ಬಡಿದು ಕಣ್ಣಲ್ಲಿ ನೀರು. ಈಗಿನ ಮೌಂಟನ್ ಬೈಕಿನ ಚಪ್ಪಟೆ ಪೆಡಲ್ ಹಾಗಲ್ಲ. ಅಗಲವಾಗಿರುತ್ತದೆ, ಮಧ್ಯದಲ್ಲಿ ತಟ್ಟೆಯ ಹಾಗೆ ಸ್ವಲ್ಪ ಗುಳಿ, ಅಂಚಿನ ಸುತ್ತ ಚಿಕ್ಕ ಚಿಕ್ಕ ಲೋಹದ ಪಿನ್ನುಗಳು. ಆ ಪಿನ್ನುಗಳು ಮೆತ್ತನೆ ರಬ್ಬರ್ ಅಟ್ಟೆಯೊಳಗೆ ಇಳಿದು ಹಿಡಿಯುತ್ತವೆ. ಅಂಥ ರಬ್ಬರಿಗೆ ಹೆಸರು ಮಾಡಿದ ಫೈವ್ ಟೆನ್ ಕಂಪನಿ ಮೊದಲು ಶೂ ಮಾಡಿದ್ದು ಬಂಡೆ ಹತ್ತುವವರಿಗೆ. ನೀವು ಬಾದಾಮಿಗೆ ಹೋದಾಗ ಆ ಕೆಂಪು ಬಂಡೆಗಳಲ್ಲಿ ಹಲ್ಲಿಯ ಹಾಗೆ ಅಂಟಿಕೊಂಡು ಹತ್ತುವವರನ್ನು ಕಂಡಿದ್ದರೆ, ಅವರ ಕಾಲಲ್ಲಿರೋದೂ ಇಂಥದೇ ಜಾತಿಯ ಅಂಟು ರಬ್ಬರ್.

ಈಗ ಹತ್ತಾ ವಿಷಯ. ಹೆಸರು ಹತ್ತಾ, ಆದರೆ ನಾವು ಹೋಗೋದು ಇಳಿಯೋಕೆ! ನಮ್ಮ ಊರಿನ ಸುತ್ತ ಬರೀ ಮರಳ ದಿಬ್ಬ, ಅದರಲ್ಲಿ ಸೈಕಲ್ ಚಕ್ರ ಹೂತುಹೋಗುತ್ತದೆ. ಗಟ್ಟಿ ಬೆಟ್ಟ ಬೇಕು ಅಂದರೆ ಅಬುಧಾಬಿ ದಾಟಿ, ದುಬೈ ದಾಟಿ, ಸುಮಾರು ನಾಲ್ಕು ಗಂಟೆ ಕಾರಿನಲ್ಲಿ ಹೋಗಬೇಕು. ಅಲ್ಲಿ ಹಜರ್ ಪರ್ವತಗಳ ಮಧ್ಯೆ ದುಬೈಗೆ ಸೇರಿದ ಹತ್ತಾದಲ್ಲಿ ಮೌಂಟನ್ ಬೈಕಿಗೆ ಅಂತಲೇ ಮಾಡಿದ ದಾರಿಗಳಿವೆ. ಹಸಿರು ಗುರುತಿನದು ಸುಲಭ, ನೀಲಿ ಸ್ವಲ್ಪ ಕಷ್ಟ, ಕೆಂಪು ಇನ್ನೂ ಕಷ್ಟ, ಕಪ್ಪು ಪಳಗಿದವರಿಗೆ ಮಾತ್ರ. ನೆಲ ನಮ್ಮ ಮಲೆನಾಡಿನ ಹಾಗೆ ಮಣ್ಣಲ್ಲ. ಒಣ ಕಲ್ಲು, ಚೂಪು ಚೂಪಾದ ಜಲ್ಲಿ, ಕೈ ಊರಿದರೆ ಕುಯ್ಯುವಂಥದ್ದು.

2022ರ ಡಿಸೆಂಬರ್ ರಜೆಯಲ್ಲಿ ನಾನೂ ಮಗಳೂ ಅಲ್ಲಿಗೆ ಹೋದೆವು. ಯುಎಇ ಟೂರ್ ನೋಡಿದ ಹುರುಪಿಗೆ ನಾನು ಆ ಹೊತ್ತಿಗೆ ಕಚ್ಚೋ ಪೆಡಲ್ ಕೊಂಡಿದ್ದೆ. ನಮ್ಮ ಊರಿನ ಸಪಾಟು ರಸ್ತೆಯಲ್ಲಿ ಆರು ತಿಂಗಳು ಅದರಲ್ಲೇ ಓಡಾಡಿದ್ದೆ, ಚೆನ್ನಾಗೇ ಇತ್ತು. ಬಿಡಿಸಿಕೊಳ್ಳೋದೂ ಕಲಿತಿದ್ದೆ: ಹಿಮ್ಮಡಿಯನ್ನು ಹೊರಗಡೆಗೆ ತಿರುಗಿಸಬೇಕು, ಸ್ಪ್ರಿಂಗ್ ಸಡಿಲವಾಗಿ ಕಾಲು ಹೊರಗೆ ಬರುತ್ತದೆ. ಟ್ರಾಫಿಕ್ ಸಿಗ್ನಲ್ ಕಂಡರೆ ನೂರು ಅಡಿ ಮುಂಚೆಯೇ ತಯಾರಾಗುತ್ತಿದ್ದೆ, ಯಾವಾಗಲೂ ಎಡಗಾಲು ಬಿಡಿಸಿ ಎಡಗಡೆಗೆ ವಾಲುತ್ತಿದ್ದೆ.

ಬೆಟ್ಟದಲ್ಲಿ ಸಿಗ್ನಲ್ ಇರೋದಿಲ್ಲ ಮಕ್ಕಳೇ. ನೀಲಿ ದಾರಿಯ ಒಂದು ಹಿಮ್ಮುರಿ ತಿರುವಿನಲ್ಲಿ ನನ್ನ ಮುಂದಿನ ಚಕ್ರ ಕಲ್ಲಿಗೆ ತಾಗಿ ಸೈಕಲ್ ನಿಂತೇ ಹೋಯಿತು. ಅಭ್ಯಾಸಬಲದಿಂದ ಎಡಗಾಲು ಬಿಡಿಸಿದೆ. ಸೈಕಲ್ ವಾಲಿದ್ದು ಬಲಕ್ಕೆ. ಬಲಗಾಲನ್ನು ಬಿಡಿಸೋಕೆ ಹಿಮ್ಮಡಿ ತಿರುಗಿಸಬೇಕು ಅನ್ನೋದು ತಲೆಗೆ ಗೊತ್ತಿತ್ತು, ಆದರೆ ಗಾಬರಿಯಲ್ಲಿ ಕಾಲು ಮಾಡಿದ್ದು ಹುಟ್ಟಿನಿಂದ ಬಂದ ಕೆಲಸವನ್ನೇ: ಮೇಲಕ್ಕೆ ಎಳೆಯಿತು. ಮೇಲಕ್ಕೆ ಎಳೆದರೆ ಅದು ಬಿಡೋದೇ ಇಲ್ಲ, ಬಿಡಬಾರದು ಅಂತಲೇ ಮಾಡಿರೋದು. ಕಾಲಿಗೆ ಸೈಕಲ್ ಕಟ್ಟಿಕೊಂಡ ಹಾಗೇ, ಕಡಿದ ಮರದಂತೆ ಬಲಕ್ಕೆ ಬಿದ್ದೆ. ಕೈ ಊರಿದೆ. ಮಣಿಕಟ್ಟಿನ ಮೂಳೆ ಮುರಿಯಿತು. ಆರು ವಾರ ಪ್ಲಾಸ್ಟರ್. ಆರು ವಾರ ಒಂದೇ ಕೈಯಲ್ಲಿ ಕೋಡ್ ಬರೆದೆ, ಚಪಾತಿ ಹರಿದುಕೊಡೋಕೂ ಹೆಂಡತಿಯೇ ಬೇಕಾಯಿತು.

ಇದರಲ್ಲಿ ನನಗೆ ಇವತ್ತಿಗೂ ಮರೆಯೋಕಾಗದ್ದು ಏನು ಗೊತ್ತಾ? ನನ್ನ ಹಿಂದೆಯೇ ಮಗಳು ಬರುತ್ತಿದ್ದಳು. ಅದೇ ತಿರುವು, ಅದೇ ಕಲ್ಲು. ಅವಳ ಸೈಕಲ್ಲೂ ನಿಂತಿತು. ಅವಳದ್ದು ಚಪ್ಪಟೆ ಪೆಡಲ್. ಏನೂ ಯೋಚಿಸದೆ ಕಾಲು ತೆಗೆದು ನೆಲಕ್ಕೆ ಊರಿ ನಿಂತಳು, "ಅಪ್ಪ, ಯಾಕ್ ಮಲ್ಕೊಂಡ್ರಿ?" ಅಂದಳು. ನಿಂತ ಸೈಕಲ್ಲಿನಿಂದ ಬಿದ್ದ ನಾನು. ವೇಗವೇ ಇರಲಿಲ್ಲ!

ಈಗ ಆ ಹುಡುಗ ಕೇಳಿದ ಪ್ರಶ್ನೆಗೆ ಬರೋಣ. ಕಚ್ಚೋ ಪೆಡಲ್ ಹಾಕಿದರೆ ಬೀಳೋದು ನಿಲ್ಲುತ್ತದಾ? ಕಾಲು ಪೆಡಲ್ಲಿನಿಂದ ಹಾರೋದು ನಿಲ್ಲುತ್ತದೆ, ಅದು ನಿಜ. ಬೀಳೋದು ನಿಲ್ಲೋದಿಲ್ಲ. ಹಾಗಾದರೆ ಇಳಿಜಾರಿನಲ್ಲಿ ಕಾಲು ಪೆಡಲ್ಲಿನಿಂದ ಹಾರೋದು ಯಾಕೆ ಅನ್ನೋದನ್ನ ಮೊದಲು ನೋಡಬೇಕು. ಇದಕ್ಕೊಂದು ಪ್ರಯೋಗವಿದೆ, ಅಡುಗೆಮನೆಯಲ್ಲೇ ಮಾಡಬಹುದು. ಒಂದು ಸ್ಟೀಲ್ ತಟ್ಟೆಯ ಮೇಲೆ ಖರ್ಜೂರ ಇಡಿ. (ನಮ್ಮ ಊರಿನಲ್ಲಿ ಖರ್ಜೂರಕ್ಕೆ ಬರವಿಲ್ಲ.) ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನಕ್ಕೆ ಇಳಿಸಿ, ಖರ್ಜೂರ ತಟ್ಟೆಯ ಜೊತೆಗೇ ಇಳಿಯುತ್ತದೆ. ಈಗ ತಟ್ಟೆಯನ್ನು ಸರಕ್ಕನೆ ಕೆಳಗೆ ಎಳೆಯಿರಿ. ಖರ್ಜೂರ ಒಂದು ಕ್ಷಣ ಗಾಳಿಯಲ್ಲೇ ಉಳಿಯುತ್ತದೆ. ಖರ್ಜೂರ ಮೇಲೆ ಹಾರಿದ್ದಲ್ಲ, ತಟ್ಟೆ ಅದಕ್ಕಿಂತ ಬೇಗ ಕೆಳಗೆ ಹೋಯಿತು, ಅಷ್ಟೇ. ಸೈಕಲ್ ಒಂದು ಕಲ್ಲಿನ ಮೇಲಿಂದ ಧೊಪ್ಪನೆ ಇಳಿದಾಗ ಪೆಡಲ್ಲೇ ಆ ತಟ್ಟೆ, ನಿಮ್ಮ ಕಾಲೇ ಆ ಖರ್ಜೂರ.

ಕಚ್ಚೋ ಪೆಡಲ್ ಇದಕ್ಕೆ ಕೊಡೋ ಪರಿಹಾರ ಖರ್ಜೂರವನ್ನು ತಟ್ಟೆಗೆ ಅಂಟಿಸೋದು. ಚಪ್ಪಟೆ ಪೆಡಲ್ಲಿನಲ್ಲಿ ಆ ಕೆಲಸವನ್ನು ನಿಮ್ಮ ಮೊಣಕಾಲೇ ಮಾಡಬೇಕು. ಮೊಣಕಾಲು ಬಗ್ಗಿಸಿಕೊಂಡು ಸೀಟಿನಿಂದ ಎದ್ದು ನಿಂತಿದ್ದರೆ, ಪೆಡಲ್ ಕೆಳಗೆ ಹೋದಾಗ ಕಾಲನ್ನು ಚಾಚಿ ಅದರ ಹಿಂದೆಯೇ ಕಳಿಸಬಹುದು. ಕಾಲು ಮೊದಲೇ ನೆಟ್ಟಗೆ ಮರಗಟ್ಟಿದ್ದರೆ ಚಾಚೋಕೆ ಏನೂ ಉಳಿದಿರೋದಿಲ್ಲ. ಇಳಿಯುವಾಗ ಎರಡೂ ಪೆಡಲ್ ಒಂದೇ ಮಟ್ಟದಲ್ಲಿರಲಿ, ಒಂದು ಮುಂದೆ ಒಂದು ಹಿಂದೆ. ಅಲ್ಲಿ ಪೆಡಲ್ ತುಳಿಯೋ ಕೆಲಸ ಕಮ್ಮಿ, ಅದು ನಿಮಗೆ ನಿಲ್ಲೋಕೆ ಸಿಕ್ಕಿದ ನೆಲ.

ಇನ್ನೊಂದು ಗುಟ್ಟು ಹಿಮ್ಮಡಿಯದ್ದು. ಊರಿಗೆ ಹೋದಾಗ ಬಸ್ಸಿನಲ್ಲಿ ನಿಂತುಕೊಂಡು ಆಗುಂಬೆ ಘಾಟಿಯನ್ನೋ ಚಾರ್ಮಾಡಿಯನ್ನೋ ಇಳಿದಿದ್ದೀರಾ? ಡ್ರೈವರ್ ಬ್ರೇಕ್ ಹಾಕಿದರೆ ಎಲ್ಲರೂ ಮುಂದಕ್ಕೆ ಮುಗ್ಗರಿಸುತ್ತಾರೆ. ಕಂಡಕ್ಟರ್ ಮಾತ್ರ ಟಿಕೆಟ್ ಕೊಡುತ್ತಾ ಆರಾಮಾಗಿರುತ್ತಾರೆ, ಯಾಕಂದರೆ ಅವರು ಒಂದು ಕಾಲು ಮುಂದಕ್ಕಿಟ್ಟು ಅದಕ್ಕೆ ಒತ್ತುಕೊಟ್ಟು ನಿಂತಿರುತ್ತಾರೆ. ಸೈಕಲ್ ಚಕ್ರ ಕಲ್ಲಿಗೆ ತಾಗಿದಾಗಲೂ ಹೀಗೇ: ಸೈಕಲ್ ನಿಧಾನವಾಗುತ್ತದೆ, ಮೈ ಮುಂದಕ್ಕೆ ಹೋಗುತ್ತದೆ. ಅಂಗಾಲು ಸಪಾಟಾಗಿದ್ದರೆ ಶೂ ಪಿನ್ನಿನ ಮೇಲಿಂದ ಮುಂದಕ್ಕೆ ಜಾರಬಹುದು. ಹಿಮ್ಮಡಿಯನ್ನು ಪೆಡಲ್ಲಿಗಿಂತ ಕೆಳಗೆ ಇಳಿಸಿದ್ದರೆ ಪೆಡಲ್ ನಿಮ್ಮ ಅಂಗಾಲಿಗೆ ಓರೆಯಾಗಿ ಎದುರು ನಿಲ್ಲುತ್ತದೆ. ಆಗ ಮೈ ಮುಂದಕ್ಕೆ ತಳ್ಳಿದಷ್ಟೂ ಕಾಲು ಪೆಡಲ್ಲಿಗೆ ಇನ್ನಷ್ಟು ಒತ್ತಿಕೊಳ್ಳುತ್ತದೆ. ಒಂದು ಪೈಸೆ ಖರ್ಚಿಲ್ಲದ ಅಂಟು ಇದು. ಪೆಡಲ್ಲಿನ ಅಚ್ಚು ಕೂಡ ಹೆಬ್ಬೆರಳ ಬುಡದ ಕೆಳಗೇ ಬೇಡ, ಅದಕ್ಕಿಂತ ಸ್ವಲ್ಪ ಹಿಂದೆ, ಅಂಗಾಲಿನ ನಡುವಿನ ಕಡೆಗಿರಲಿ. ಹಿಮ್ಮಡಿ ಇಳಿಸೋದು ಸುಲಭವಾಗುತ್ತದೆ, ಮೀನಖಂಡವೂ ಬೇಗ ಸೋಲೋದಿಲ್ಲ.

ಕೈ ವಾಸಿಯಾದ ಮೇಲೆ ನಾನೂ ಚಪ್ಪಟೆ ಪೆಡಲ್ ಹಾಕಿಸಿಕೊಂಡೆ. ಆಗ ನನ್ನ ಬಣ್ಣ ಬಯಲಾಯಿತು! ಸೈಕಲ್ಲನ್ನು ನೆಲದಿಂದ ಎಗರಿಸೋದು ನನಗೆ ಬರುತ್ತದೆ ಅಂತ ಎಲ್ಲರ ಹತ್ತಿರ ಹೇಳಿಕೊಂಡಿದ್ದೆ. ಕಚ್ಚೋ ಪೆಡಲ್ಲಿನಲ್ಲಿ ಕಾಲು ಮೇಲಕ್ಕೆ ಎಳೆದರೆ ಸೈಕಲ್ಲೂ ಮೇಲಕ್ಕೆ ಬರುತ್ತದೆ, ಅದಕ್ಕೆ ಕಲೆ ಬೇಕಿಲ್ಲ. ಚಪ್ಪಟೆ ಪೆಡಲ್ಲಿನಲ್ಲಿ ಹಾಗೆ ಎಳೆದರೆ ನಾನೊಬ್ಬನೇ ಮೇಲಕ್ಕೆ ಹೋಗುತ್ತಿದ್ದೆ, ಸೈಕಲ್ ನೆಲದಲ್ಲೇ ಇರುತ್ತಿತ್ತು. ಮೊದಲು ಮೈ ತಗ್ಗಿಸಿ, ಹ್ಯಾಂಡಲ್ ಎತ್ತಿ, ಆಮೇಲೆ ಕಾಲ್ಬೆರಳು ಕೆಳಗೆ ಮಾಡಿ ಪೆಡಲ್ಲನ್ನು ಹಿಂದಕ್ಕೂ ಮೇಲಕ್ಕೂ ಗೋರಿದ ಹಾಗೆ ಮಾಡಬೇಕು. ಇದನ್ನು ಕಲಿಯೋಕೆ ನನಗೆ ನಾಲ್ಕು ತಿಂಗಳು ಬೇಕಾಯಿತು, ಮಗಳಿಗೆ ಎರಡು ವಾರ. ಅಷ್ಟು ದಿನ ನನ್ನ ತಪ್ಪನ್ನೆಲ್ಲ ಸ್ಪ್ರಿಂಗ್ ಮುಚ್ಚಿಹಾಕುತ್ತಿತ್ತು. ಸಾಫ್ಟ್‌ವೇರ್‌ನಲ್ಲೂ ಹೀಗೆ ಮಾಡುವವರಿದ್ದಾರೆ, ಎರರ್ ಬಂದರೆ ಅದನ್ನು ತೋರಿಸದ ಹಾಗೆ ಮಾಡಿಬಿಡೋದು. ಪ್ರೋಗ್ರಾಂ ಓಡುತ್ತಲೇ ಇರುತ್ತದೆ, ಕೆಟ್ಟಿರೋದು ಗೊತ್ತಾಗೋದು ಬಹಳ ತಡವಾಗಿ.

ಹಾಗಂತ ಕಚ್ಚೋ ಪೆಡಲ್ ಕೆಟ್ಟದ್ದು ಅಂತ ಬರೆದರೆ ಸುಳ್ಳಾಗುತ್ತದೆ. ದೊಡ್ಡ ಡೌನ್‌ಹಿಲ್ ರೇಸುಗಳಲ್ಲಿ ಹೆಚ್ಚಿನ ಸವಾರರು ಹಾಕೋದು ಅದನ್ನೇ. ದಕ್ಷಿಣ ಆಫ್ರಿಕಾದ ಗ್ರೆಗ್ ಮಿನ್ನಾರ್ ಅದರಲ್ಲೇ ವಿಶ್ವ ಚಾಂಪಿಯನ್ ಆದವರು. ಅವರು ಇಳಿಯೋ ವೇಗದಲ್ಲಿ, ಕಲ್ಲಿನ ಮೇಲೆ ಕಲ್ಲು ಬಡಿಯುತ್ತಿರುವಾಗ, ಪ್ರತಿ ಸಲ ಕಾಲನ್ನು ಸರಿಯಾದ ಜಾಗದಲ್ಲಿ ಇಟ್ಟುಕೊಳ್ಳೋದೇ ಒಂದು ಕೆಲಸ. ಪೆಡಲ್ ಕಾಲನ್ನು ಹಿಡಿದುಕೊಂಡಿದ್ದರೆ ಆ ಚಿಂತೆ ಇಲ್ಲ, ನಡುವೆ ಸಪಾಟು ಜಾಗ ಸಿಕ್ಕರೆ ಜೋರಾಗಿ ತುಳಿಯಲೂಬಹುದು. ಅವರಿಗೆ ಬಿಡಿಸಿಕೊಳ್ಳೋದು ಉಸಿರಾಡಿದಷ್ಟು ಸಹಜ. ಆದರೆ ಅವರೆಲ್ಲರ ನಡುವೆ ಆಸ್ಟ್ರೇಲಿಯಾದ ಸ್ಯಾಮ್ ಹಿಲ್ ಅಂತ ಒಬ್ಬರಿದ್ದಾರೆ. ಚಪ್ಪಟೆ ಪೆಡಲ್ ಬಿಡಲೇ ಇಲ್ಲ. 2006, 2007, 2010ರಲ್ಲಿ ಡೌನ್‌ಹಿಲ್ ವಿಶ್ವ ಚಾಂಪಿಯನ್ ಆದರು. ಆಮೇಲೆ ಹತ್ತೋದೂ ಇಳಿಯೋದೂ ಎರಡೂ ಇರೋ ಎಂಡ್ಯೂರೊ ವರ್ಲ್ಡ್ ಸೀರೀಸ್‌ಗೆ ಬಂದರು. ಪೆಡಲ್ ತುಳಿಯೋದು ಜಾಸ್ತಿ ಇರೋ ಅಲ್ಲಿ ಚಪ್ಪಟೆ ಪೆಡಲ್ ನಡೆಯೋದಿಲ್ಲ ಅನ್ನೋರಿಗೆ 2017, 2018, 2019, ಸಾಲಾಗಿ ಮೂರು ವರ್ಷ ಗೆದ್ದು ತೋರಿಸಿದರು. ನಮ್ಮ ಮನೆಯಲ್ಲಿ ವಾದ ನಡೆದಾಗ ಮಗಳು ಮಿನ್ನಾರ್ ಹೆಸರು ಹೇಳುತ್ತಾಳೆ, ನಾನು ಹಿಲ್ ಹೆಸರು ಹೇಳುತ್ತೇನೆ. ಅವಳಮ್ಮ ಇಬ್ಬರಿಗೂ ಊಟಕ್ಕೆ ಬನ್ನಿ ಅನ್ನುತ್ತಾಳೆ.

ಇನ್ನು ಅಪ್ಪ ಅಮ್ಮಂದಿರಿಗೆ ಒಂದೆರಡು ಮಾತು. ಕಚ್ಚೋ ಪೆಡಲ್ ಅಂದರೆ ಪೆಡಲ್ ಒಂದೇ ಅಲ್ಲ, ಅದಕ್ಕೆ ಬೇರೆ ಶೂ ಬೇಕು. ಬೆಳೆಯೋ ಮಕ್ಕಳ ಕಾಲು ವರ್ಷಕ್ಕೊಂದು ಅಳತೆ ದಾಟುತ್ತದೆ, ಪುಟ್ಟ ಅಳತೆಯಲ್ಲಿ ಅಂಥ ಶೂ ಸಿಗೋದೂ ಕಷ್ಟ. "ಎರಡು ವರ್ಷ ಬರಲಿ" ಅಂತ ದೊಡ್ಡದನ್ನು ಕೊಡಿಸೋ ನಮ್ಮ ಹಳೇ ಚಾಳಿ ಇಲ್ಲಿ ಅಪಾಯ: ಹಿಮ್ಮಡಿ ತಿರುಗಿಸಿದರೆ ಶೂ ಒಳಗೆ ಕಾಲು ತಿರುಗುತ್ತದೆಯೇ ಹೊರತು ಶೂ ತಿರುಗೋದಿಲ್ಲ. ಬಿಲ್ಲೆಯನ್ನು ಸ್ವಲ್ಪ ಸೊಟ್ಟಗೆ ಕೂರಿಸಿದರೂ ಪ್ರತಿ ತುಳಿತಕ್ಕೂ ಮೊಣಕಾಲು ಸೊಟ್ಟಗೇ ತಿರುಗಿ ನೋವು ಬರುತ್ತದೆ. ಹತ್ತಾದಂಥ ಕಡೆ ಎಷ್ಟೋ ಸಲ ಸೈಕಲ್ ತಳ್ಳಿಕೊಂಡು ನಡೆಯಬೇಕಾಗುತ್ತದೆ. ಗುಳಿಯಿಂದ ಲೋಹ ಸ್ವಲ್ಪ ಹೊರಚಾಚಿದ್ದರೂ ಬಂಡೆಯ ಮೇಲೆ ಜಾರುತ್ತದೆ. ಚಪ್ಪಟೆ ಪೆಡಲ್ಲಿಗೂ ಅದರದ್ದೇ ಕಾಟವಿದೆ. ಆ ಪಿನ್ನುಗಳು ಕಾಲಿನ ಮೂಳೆಗೆ ಬಡಿದರೆ ಬೆಕ್ಕು ಪರಚಿದ ಹಾಗೆ ಸಾಲು ಸಾಲು ಗೀರು. ನನ್ನ ಮಗಳ ಎರಡೂ ಕಾಲಲ್ಲಿ ಇದೆ. ಪೆಡಲ್ಲಿಗೆ ಸುರಿಯೋ ದುಡ್ಡಿನಲ್ಲಿ ಕಾಲಿಗೆ ಕಟ್ಟಿಕೊಳ್ಳೋ ಗಾರ್ಡ್, ಮೊಣಕಾಲಿಗೆ ಪ್ಯಾಡ್, ಒಂದು ಜೊತೆ ಮೆತ್ತನೆ ಅಟ್ಟೆಯ ಶೂ ಕೊಡಿಸಿ ಅಂತ ನನ್ನ ಸಲಹೆ. ಹೆಲ್ಮೆಟ್ ಬಗ್ಗೆ ನಾನು ಹೇಳಬೇಕಾಗಿಲ್ಲ ಅಂದುಕೊಳ್ಳುತ್ತೇನೆ.

ಈ ವರ್ಷ ಮಗಳು ಮತ್ತೆ ಕೇಳಿದಳು. ಈಗ ಅವಳ ಕಾಲು ನನ್ನ ಶೂ ಅಳತೆಗೆ ಬಂದಿದೆ, ಕೆಂಪು ಗುರುತಿನ ದಾರಿಯನ್ನು ಕಾಲು ಹಾರಿಸಿಕೊಳ್ಳದೆ ಇಳಿಯುತ್ತಾಳೆ. ಬೇಡ ಅನ್ನೋಕೆ ನನ್ನ ಹತ್ತಿರ ನ್ಯಾಯವಾದ ಕಾರಣ ಉಳಿದಿರಲಿಲ್ಲ, ಇದ್ದದ್ದು ನನ್ನ ಮಣಿಕಟ್ಟಿನ ನೆನಪು ಮಾತ್ರ. ಅದಕ್ಕೇ ಹೀಗೆ ಒಪ್ಪಂದ ಮಾಡಿಕೊಂಡೆವು. ನನ್ನ ಹಳೇ ಪೆಡಲ್ ಅವಳಿಗೆ. ಅಲೆನ್ ಕೀ ಹಾಕಿ ಸ್ಪ್ರಿಂಗನ್ನು ಆದಷ್ಟೂ ಸಡಿಲ ಮಾಡಿದೆ. ಮೊದಲಿದ್ದ ಬಿಲ್ಲೆ ಒಂದೇ ದಿಕ್ಕಿಗೆ ಬಿಡುವಂಥದ್ದು. ಅದನ್ನು ತೆಗೆದು ಬೇರೆ ಬೇರೆ ದಿಕ್ಕಿಗೆ ತಿರುಗಿಸಿದರೂ ಬಿಡುವಂಥದ್ದನ್ನು ಹಾಕಿದೆ. (ಅಂಗಡಿಯಲ್ಲಿ ಕೇಳಿ, ಶಿಮಾನೋದಲ್ಲಿ ಎರಡೂ ಬಗೆ ಸಿಗುತ್ತದೆ.) ಪಾರ್ಕಿನ ಹುಲ್ಲಿನ ಮೇಲೆ ಎಡಗಾಲು ನೂರು ಸಲ, ಬಲಗಾಲು ನೂರು ಸಲ ಬಿಡಿಸಬೇಕು. ಆಮೇಲೆ ನಾನು ಹೇಳದೆ ಕೇಳದೆ "ಬಲ!" ಅಂತಲೋ "ಎಡ!" ಅಂತಲೋ ಕೂಗುತ್ತೇನೆ, ಕೂಗಿದ ಕಾಲು ತಕ್ಷಣ ನೆಲಕ್ಕೆ ಬರಬೇಕು. ಹತ್ತಕ್ಕೆ ಹತ್ತು ಸರಿಯಾದ ದಿನ ಹಸಿರು ಗುರುತಿನ ದಾರಿ. ಇದನ್ನು ಬರೆಯೋ ಹೊತ್ತಿಗೆ ಅವಳು ಹತ್ತಕ್ಕೆ ಎಂಟಕ್ಕೆ ಬಂದಿದ್ದಾಳೆ, ತಪ್ಪೋದು ಎರಡೂ ಸಲ ಬಲಗಾಲೇ.

ಮುಂದಿನ ತಿಂಗಳಿಂದ ಶನಿವಾರ ಕ್ಲಾಸ್ ಮುಗಿದ ಮೇಲೆ ನಿಮ್ಮ ಸೈಕಲ್ ತನ್ನಿ, ಒಂದು ಜೊತೆ ಪಿನ್ನಿನ ಚಪ್ಪಟೆ ಪೆಡಲ್ಲನ್ನೂ 15ರ ಸ್ಪ್ಯಾನರನ್ನೂ ನಾನು ತಂದಿರುತ್ತೇನೆ. ಹಾಕಿ ನೋಡಿ, ಬೇಕಾದರೆ ಆಮೇಲೆ ಕೊಳ್ಳಿ. ನೀವೇ ಬಿಚ್ಚೋದಾದರೆ ಒಂದು ನೆನಪಿಡಿ: ಬಲಗಡೆ ಪೆಡಲ್ ಎಲ್ಲ ಸ್ಕ್ರೂಗಳ ಹಾಗೆ, ಎಡಗಡೆಯದು ಉಲ್ಟಾ. ಸ್ಪ್ಯಾನರ್ ಮೇಲ್ಮುಖವಾಗಿ ಹಿಡಿದು ಸೈಕಲ್ಲಿನ ಹಿಂದಿನ ಚಕ್ರದ ಕಡೆಗೆ ತಿರುಗಿಸಿದರೆ ಎರಡೂ ಬಿಚ್ಚುತ್ತವೆ. ಎಂಜಿನಿಯರಿಂಗ್ ಓದಿದ ಮೇಲೂ ಎಡಗಡೆಯದನ್ನು ತಪ್ಪು ದಿಕ್ಕಿಗೆ ತಿರುಗಿಸಿ ಕ್ರ್ಯಾಂಕಿನ ಮರೆ ಹಾಳುಮಾಡಿದವರೊಬ್ಬರು ನಮ್ಮ ಶಾಲೆಯಲ್ಲಿದ್ದಾರೆ. ಯಾರು ಅಂತ ನನ್ನ ಮಗಳನ್ನು ಕೇಳಿದರೆ ಹೇಳುತ್ತಾಳೆ.